ತುಂಡಾದ ಸ್ಟಡ್, ಓರೆಯಾದ ರಂಧ್ರ: ಮೈಸೂರಿನ ಲೇತ್ ಅಂಗಡಿಯೊಂದರ ಕೆಲಸ

ಹಳೆಯ ಕಾರಿನ ಎಂಜಿನ್ನಿನಿಂದ ಹೊಗೆ ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚುವಾಗ, ಅದನ್ನು ಹಿಡಿದಿಡುವ ಸ್ಟಡ್ (ತಲೆಯಿಲ್ಲದ ಬೋಲ್ಟ್) ತುಂಡಾಗುವುದು ಗ್ಯಾರೇಜುಗಳಲ್ಲಿ ದಿನನಿತ್ಯದ ಮಾತು. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಅಲ್ಯೂಮಿನಿಯಂನದು, ಸ್ಟಡ್ ಉಕ್ಕಿನದು. ಕಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ವರ್ಷಗಟ್ಟಲೆ ಹೀಗೆ ಕಾದು, ತಣಿದು, ತುಕ್ಕು ಹಿಡಿದು ಎರಡೂ ಕಚ್ಚಿಕೊಂಡುಬಿಟ್ಟಿರುತ್ತವೆ. ಹದಿನೆಂಟು ವರ್ಷದ ನನ್ನ ಕಾರಿನಲ್ಲೂ ಇದೇ ಆಯಿತು. ಮಂಡ್ಯದ ಗ್ಯಾರೇಜೊಂದರಲ್ಲಿ ಜೋಡಣೆಯ ಸಂದಿ ಮುಚ್ಚುವ ಗ್ಯಾಸ್ಕೆಟ್ ಬದಲಿಸಲು ಹೋಗಿ ಎರಡು ಸ್ಟಡ್ ಮುರಿದವು. ಒಂದು ಹೆಡ್ಡಿನಿಂದ ಮೂರು ಮಿಲಿಮೀಟರಿನಷ್ಟು ಹೊರಗೆ ಉಳಿದಿತ್ತು, ಇನ್ನೊಂದು ಹೆಡ್ಡಿನ ಮಟ್ಟಕ್ಕೇ ತುಂಡಾಗಿತ್ತು. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಕೆಲಸದ ಹುಡುಗ ಎರಡನೆಯದಕ್ಕೆ ಕೈ ಡ್ರಿಲ್ ಹಿಡಿದ. ಬಿಟ್ ಗಟ್ಟಿ ಉಕ್ಕಿನ ಮೇಲೆ ನಿಲ್ಲದೆ ಮೆತ್ತನೆಯ ಅಲ್ಯೂಮಿನಿಯಂ ಕಡೆಗೆ ಜಾರಿ ರಂಧ್ರ ಓರೆಯಾಯಿತು. ಆಮೇಲೆ, ಹೆಡ್ಡನ್ನೇ ಬದಲಿಸಬೇಕೆಂದರು.

ಪರಿಚಯದವರೊಬ್ಬರ ಮಾತು ಕೇಳಿ ಕಾರನ್ನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಯೊಂದಕ್ಕೆ ಎಳೆಸಿಕೊಂಡು ಹೋದೆ. ತಗಡಿನ ಶೆಡ್ಡು, ಒಂದು ಲೇತ್, ಒಂದು ವೆಲ್ಡಿಂಗ್ ಯಂತ್ರ, ಕುಳಿತುಕೊಳ್ಳಲು ಹಳೆಯ ಟೈರು. ಅಂಗಡಿಯ ಮೇಸ್ತ್ರಿಗೆ ಅರವತ್ತು ದಾಟಿದೆ. ಯಾದವಗಿರಿಯ ಐಡಿಯಲ್ ಜಾವಾ ಮೋಟಾರ್ ಸೈಕಲ್ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಅಲ್ಲಿ ಲೇತ್ ನಡೆಸುವ ಟರ್ನರ್ ಆಗಿದ್ದರಂತೆ. ಟಾರ್ಚ್ ಹಿಡಿದು ಹತ್ತು ನಿಮಿಷ ನೋಡಿದವರು, "ಹೆಡ್ ಬಿಚ್ಚೋದು ಬೇಡ ಸಾರ್. ಆದ್ರೆ ಅವಸರ ಮಾಡಬೇಡಿ, ನಾಳೆ ಸಂಜೆ ಆಗುತ್ತೆ" ಎಂದರು.

ಹೊರಗೆ ಉಳಿದಿದ್ದ ಸ್ಟಡ್ ಬಿಚ್ಚಿದ ರೀತಿಯನ್ನು ಪೂರ್ತಿ ನೋಡಿದೆ. ಮೊದಲು ಬ್ಯಾಟರಿಯ ತಂತಿ ಕಳಚಿದರು. ವೆಲ್ಡಿಂಗಿನ ವಿದ್ಯುತ್ತು ಕಾರಿನ ಎಲೆಕ್ಟ್ರಾನಿಕ್ ಭಾಗಗಳನ್ನು ಸುಡಬಾರದೆಂದು ಈ ಎಚ್ಚರ, ಇದನ್ನು ಎಷ್ಟೋ ಕಡೆ ಮರೆಯುತ್ತಾರೆ. ಸ್ಟಡ್ಡಿನ ತುದಿಯ ಮೇಲೆ ನಟ್ ಒಂದನ್ನು ಇಟ್ಟು, ಅದರ ರಂಧ್ರದೊಳಗಿನಿಂದಲೇ ವೆಲ್ಡಿಂಗ್ ತುಂಬಿಸಿ ಎರಡನ್ನೂ ಒಂದಾಗಿಸಿದರು. ಉಕ್ಕಿನ ವೆಲ್ಡಿಂಗ್ ಅಲ್ಯೂಮಿನಿಯಂಗೆ ಅಂಟಿಕೊಳ್ಳುವುದಿಲ್ಲವಾದ್ದರಿಂದ ಹೆಡ್ಡಿಗೆ ಏನೂ ಆಗಲಿಲ್ಲ. ಕೆಂಪು ಆರಿದ ಮೇಲೆ ಬುಡಕ್ಕೆ ಮೇಣದಬತ್ತಿ ಮುಟ್ಟಿಸಿದರು; ಮೇಣ ಕರಗಿ ಥ್ರೆಡ್ಡಿನ (ತಿರುಪಿನ ಗೀರುಗಳ) ಸಂದಿಗೆ ಇಳಿಯಿತು. ಸ್ಪ್ಯಾನರ್ ಹಾಕಿ ಒಮ್ಮೆಲೇ ಬಿಚ್ಚಲಿಲ್ಲ. ಸ್ವಲ್ಪ ಬಿಗಿ ಮಾಡುವುದು, ಸ್ವಲ್ಪ ಸಡಿಲಿಸುವುದು, ಹೀಗೆ ಹಿಂದೆ ಮುಂದೆ ಮಾಡುತ್ತಿರುವಾಗ ಟಕ್ಕೆಂದು ಸದ್ದು ಬಂತು. ಆಮೇಲೆ ಅದು ಬೆರಳಲ್ಲೇ ತಿರುಗಿ ಬಂತು.

ಓರೆಯಾದ ರಂಧ್ರವೇ ನಿಜವಾದ ಪರೀಕ್ಷೆ. ಅದಕ್ಕಾಗಿ ಲೇತಿನಲ್ಲಿ ಒಂದು ಉಕ್ಕಿನ ಬುಷ್ (ಗಿಡ್ಡ ಕೊಳವೆ) ಕಡೆದು, ದಪ್ಪ ಪಟ್ಟಿಯೊಂದರಲ್ಲಿ ಕೂರಿಸಿ, ಆ ಪಟ್ಟಿಯನ್ನು ಅಕ್ಕಪಕ್ಕದ ಒಳ್ಳೆಯ ಸ್ಟಡ್ಡುಗಳಿಗೇ ನಟ್ ಹಾಕಿ ಬಿಗಿದರು. ಡ್ರಿಲ್ ಬಿಟ್ ಈಗ ಬುಷ್ ಬಿಟ್ಟು ಅತ್ತಿತ್ತ ಹೋಗಲಾರದು. ಸಣ್ಣ ಬಿಟ್ಟಿನಿಂದ ಆರಂಭಿಸಿ, ಒಂದೊಂದೇ ಅಳತೆ ಏರಿಸುತ್ತ 8.3 ಮಿ.ಮೀ.ಗೆ ತಂದು, ಹೆಲಿಕಾಯಿಲ್‌ಗೆಂದೇ ಇರುವ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹೊಡೆದರು. ಹೆಲಿಕಾಯಿಲ್ ಎಂದರೆ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿ. ಅದರ ಹೊರಮೈ ಹೊಸದಾಗಿ ಕೊರೆದ ದೊಡ್ಡ ಥ್ರೆಡ್ಡಿಗೆ ಕೂರುತ್ತದೆ, ಒಳಮೈ ಹಿಂದಿನ ಎಂ8 (8 ಮಿ.ಮೀ.) ಅಳತೆಯನ್ನೇ ಕೊಡುತ್ತದೆ, ಆದ್ದರಿಂದ ಸ್ಟಡ್ಡಿನ ಅಳತೆ ಬದಲಾಗಬೇಕಿಲ್ಲ. ಹೊಸ ಥ್ರೆಡ್ಡಿನ ವ್ಯಾಸ ಸುಮಾರು 9.6 ಮಿ.ಮೀ. ಆಗುವುದರಿಂದ ಮಂಡ್ಯದಲ್ಲಾದ ಗಾಯ ಬಹುಪಾಲು ಅದರೊಳಗೇ ಮುಚ್ಚಿಹೋಯಿತು. ಸುರುಳಿಯನ್ನು ಒಳಗೆ ತಿರುಗಿಸಿದ ಮೇಲೆ ಅದರ ತುದಿಯ ಕೊಕ್ಕೆಯನ್ನು ಮುರಿದು, ಇಕ್ಕಳದಿಂದ ಹೊರಗೆ ತೆಗೆದು, ನನ್ನ ಅಂಗೈ ಮೇಲಿಟ್ಟು ತೋರಿಸಿದರು. ಅದು ಒಳಗೇ ಉಳಿದರೆ ಸ್ಟಡ್ ಪೂರ್ತಿ ಇಳಿಯುವುದಿಲ್ಲ. ಹೆಲಿಕಾಯಿಲ್ ಹಾಕಿದ ಥ್ರೆಡ್ ಬರೀ ಅಲ್ಯೂಮಿನಿಯಂನಲ್ಲಿ ಕೊರೆದ ಥ್ರೆಡ್ಡಿಗಿಂತ ಹೆಚ್ಚು ಸವೆತ ತಡೆಯುತ್ತದೆ. ಕಳಪೆ ರಿಪೇರಿ ಎಂದು ಇದನ್ನು ತಳ್ಳಿಹಾಕುವವರು ಟ್ಯಾಪನ್ನು ಓರೆಯಾಗಿ ಹೊಡೆದ ಕೆಲಸವನ್ನು ಮಾತ್ರ ನೋಡಿರುತ್ತಾರೆ.

ಸ್ಪಾರ್ಕ್ ಪ್ಲಗ್ಗಿನ ಥ್ರೆಡ್ ಹೋದರೂ ಇದನ್ನೇ ಹಾಕುತ್ತೀರಾ ಎಂದು ಕೇಳಿದೆ. ಅಲ್ಲಿ ತಂತಿ ಸುರುಳಿಗಿಂತ ಗಟ್ಟಿ ಬುಷ್ ಮೇಲು ಎಂದರು, ಏಕೆಂದರೆ ಪ್ಲಗ್ ಬಿಚ್ಚುವಾಗ ಸುರುಳಿಯೂ ಅದರ ಜೊತೆ ಎದ್ದು ಬರುವುದುಂಟು. ಟ್ಯಾಪಿಗೆ ಗ್ರೀಸ್ ಮೆತ್ತಿ, ಚೂರುಗಳು ಸಿಲಿಂಡರಿಗೆ ಬೀಳದಂತೆ ಆಗಾಗ ಹೊರತೆಗೆದು ಒರೆಸುತ್ತಾರಂತೆ.

ಕೊರತೆಗಳೂ ಇವೆ. ಮೊದಲು 1,200 ರೂಪಾಯಿ ಎಂದವರು ಕೊನೆಗೆ 1,900 ತೆಗೆದುಕೊಂಡರು; ಬುಷ್ ಕಡೆದ ಕೂಲಿ ಎಂಬ ವಿವರಣೆ ಸರಿಯೇ, ಆದರೆ ಅದನ್ನು ಕೆಲಸಕ್ಕೆ ಮೊದಲೇ ಹೇಳಬಹುದಿತ್ತು. ಬಿಲ್ ಕೊಡುವುದಿಲ್ಲ. ನಾಳೆ ಸಂಜೆ ಎಂದದ್ದು ನಾಡಿದ್ದು ಮಧ್ಯಾಹ್ನವಾಯಿತು, ಫೋನ್ ಮಾಡಿದರೆ ಎತ್ತುವುದಿಲ್ಲ. ನನಗೆ ಹೆಚ್ಚು ಬೇಸರವಾದದ್ದು ನಟ್‌ಗಳನ್ನು ಕೈ ಅಂದಾಜಿನಲ್ಲೇ ಬಿಗಿದದ್ದು. ಎಂ8 ಅಳತೆಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಸಾಕು, ಬಿಗಿತ ಅಳೆಯುವ ಟಾರ್ಕ್ ರೆಂಚ್ ಇಲ್ಲವೇ ಎಂದರೆ ತಮ್ಮ ಮೊಣಕೈ ತಟ್ಟಿ ತೋರಿಸಿ ನಕ್ಕರು. ಮನೆಗೆ ಬಂದು ನನ್ನ ರೆಂಚಿನಿಂದ ಪರೀಕ್ಷಿಸಿದಾಗ ಒಂದು ನಟ್ ಮಾತ್ರ ಸ್ವಲ್ಪ ಸಡಿಲವಾಗಿತ್ತು, ಅದು ಹೆಲಿಕಾಯಿಲ್ ಹಾಕಿದ್ದಲ್ಲ.

ನಾಲ್ಕು ತಿಂಗಳಲ್ಲಿ ಮೂರು ಸಾವಿರ ಕಿಲೋಮೀಟರಿನಷ್ಟು ಓಡಿಸಿದ್ದೇನೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಹೊಗೆ ಸೋರಿ ಕೇಳಿಸುತ್ತಿದ್ದ ಟಿಕ್ ಟಿಕ್ ಸದ್ದು ನಿಂತಿದೆ, ಜೋಡಣೆಯ ಸುತ್ತ ಮಸಿ ಕಟ್ಟಿಲ್ಲ. ಹೋಗುವವರು ಹೊಸ ಗ್ಯಾಸ್ಕೆಟ್ ಮತ್ತು ಹೊಸ ಸ್ಟಡ್ಡುಗಳನ್ನು ತಾವೇ ಕೊಂಡು ಹೋಗಬೇಕು, ಅಂಗಡಿಯಲ್ಲಿ ಅವು ಸಿಗುವುದಿಲ್ಲ. ಬೇರೆಯವರು ಡ್ರಿಲ್ ಹಾಕಿ ಕೆಡಿಸುವ ಮೊದಲೇ ಹೋದರೆ ಬುಷ್ಷಿನ ಕೂಲಿ ಉಳಿಯುತ್ತದೆ.