ಹಳೆ 30×40 ಮನೆಗೆ ಹಾಕಿಸಿದ ಸ್ಮಾರ್ಟ್ ಸ್ವಿಚ್, ಪ್ಲೈವುಡ್, ಟೈಲ್ಸ್: ನಾಲ್ಕು ವರ್ಷದ ಬಳಕೆಯ ವಿಮರ್ಶೆ

ಮೊದಲು ಮನೆಯ ಜಾತಕ. ಬೆಂಗಳೂರಿನ 30×40 ಸೈಟು, ತೊಂಬತ್ತರ ದಶಕದ ಕೊನೆಯಲ್ಲಿ ಕಟ್ಟಿದ್ದು. ಮೊಸಾಯಿಕ್ ನೆಲ, ಕಡಪ ಕಲ್ಲಿನ ಶೆಲ್ಫು, ಮರದ ಹಲಗೆಯ ಮೇಲೆ ಕೂತ ಪಿಯಾನೋ ಸ್ವಿಚ್ಚು. ನಾಲ್ಕು ವರ್ಷದ ಹಿಂದೆ ವೈರಿಂಗ್, ನೆಲ, ಅಡುಗೆಮನೆ, ಎರಡು ಬಾತ್‌ರೂಮು ಬದಲಾದವು. ಜೊತೆಗೆ ಹನ್ನೊಂದು ವೈಫೈ ಸ್ವಿಚ್ ಮಾಡ್ಯೂಲ್ (ಸ್ವಿಚ್ಚಿನ ಹಿಂದೆ ಕೂತು ಫೋನಿನಿಂದಲೂ ಆನ್-ಆಫ್ ಮಾಡಿಸುವ ಪುಟ್ಟ ಪೆಟ್ಟಿಗೆ), ಕಡಿಮೆ ಕರೆಂಟು ತಿನ್ನುವ ಆರು ಬಿಎಲ್‌ಡಿಸಿ ಫ್ಯಾನ್, ಒಂದು ಸ್ಮಾರ್ಟ್ ಲಾಕ್, ಸಂಪಿನ ಮೋಟಾರಿಗೆ ಆಟೋಮ್ಯಾಟಿಕ್ ಕಂಟ್ರೋಲರ್ ಬಂದವು. ಯಾವುದು ನಿಂತಿತು, ಯಾವುದು ಕೈಕೊಟ್ಟಿತು ಎನ್ನುವ ಲೆಕ್ಕ ಇದು. ಗೋಡೆಯೊಳಗೆ, ನೆಲದಡಿ ಹೂತುಹೋಗುವ ವಸ್ತುವಿಗೆ ಹಾಕಿದ ದುಡ್ಡಿನಲ್ಲಿ ಒಂದು ರೂಪಾಯಿಯೂ ದಂಡ ಅನ್ನಿಸಿಲ್ಲ. ಆಪ್‌ನಲ್ಲಿ ಕಾಣುವ ವಸ್ತುಗಳಲ್ಲಿ ಅರ್ಧದಷ್ಟು ಇಲ್ಲದಿದ್ದರೂ ನಡೆಯುತ್ತಿತ್ತು.

ಸ್ಮಾರ್ಟ್ ಸ್ವಿಚ್ ಕೊಳ್ಳುವವರು ಮೊದಲು ಆಪ್ ನೋಡುತ್ತಾರೆ. ನೋಡಬೇಕಾದ್ದು ಬೋರ್ಡಿನೊಳಗೆ ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ವೈರು) ಇದೆಯೇ ಎಂಬುದನ್ನು. ಹಳೆ ಮನೆಗಳಲ್ಲಿ ಕರೆಂಟು ತರುವ ಫೇಸ್ ವೈರು ಸ್ವಿಚ್ಚಿಗೆ ಇಳಿಯುತ್ತದೆ, ನ್ಯೂಟ್ರಲ್ ಮಾತ್ರ ಮೇಲಿನ ಜಂಕ್ಷನ್ ಬಾಕ್ಸಿನಿಂದಲೇ ನೇರ ಲೈಟಿಗೆ, ಫ್ಯಾನಿಗೆ ಹೋಗಿಬಿಡುತ್ತದೆ. ಸಾಕೆಟ್ ಇರುವ ಬೋರ್ಡಿನಲ್ಲಿ ನ್ಯೂಟ್ರಲ್ ಇದ್ದೇ ಇರುತ್ತದೆ. ಮೆಟ್ಟಿಲ ಬಳಿಯ ಬೋರ್ಡು, ಬಾತ್‌ರೂಮಿನ ಹೊರಗಿನ ಬೋರ್ಡು, ಇಂಥ ಬರೀ ಸ್ವಿಚ್ಚಿನ ಕಡೆ ಇರುವುದು ಅಪರೂಪ. ಹಗಲೂ ರಾತ್ರಿ ಜೀವ ಹಿಡಿದಿರಬೇಕಾದ ಮಾಡ್ಯೂಲಿಗೆ ಎರಡೂ ವೈರು ಬೇಕು. ನ್ಯೂಟ್ರಲ್ ಬೇಡದ ಮಾಡ್ಯೂಲೂ ಸಿಗುತ್ತದೆ, ಆದರೆ ಅದು ಬಲ್ಬಿನ ಮೂಲಕವೇ ಚೂರು ಕರೆಂಟು ಹರಿಸಿಕೊಂಡು ಬದುಕುತ್ತದೆ. 5 ವ್ಯಾಟಿನ ಎಲ್‌ಇಡಿ ಇದ್ದರೆ ಆಫ್ ಮಾಡಿದ ಮೇಲೂ ಮಿಣಿಮಿಣಿ ಉರಿಯುತ್ತದೆ, ಅದಕ್ಕೆ ಲೈಟಿನ ಬಳಿ ಬೈಪಾಸ್ ಕೆಪಾಸಿಟರ್ ಬೇರೆ ಹಾಕಬೇಕು.

ಇಲ್ಲಿ ಎಲೆಕ್ಟ್ರಿಷಿಯನ್‌ಗಳ ಒಂದು ಅಡ್ಡದಾರಿ ಇದೆ. ನ್ಯೂಟ್ರಲ್ ಸಿಗದಿದ್ದರೆ ಹಸಿರು ಅರ್ಥ್ ವೈರನ್ನೇ ಮಾಡ್ಯೂಲಿನ ನ್ಯೂಟ್ರಲ್‌ಗೆ ಕೊಡುವುದು. ಮಾಡ್ಯೂಲ್ ಆನ್ ಆಗುತ್ತದೆ, ಎಲ್ಲ ಸರಿಯಾದಂತೆಯೇ ಕಾಣುತ್ತದೆ. ಒಂದು ಮಾಡ್ಯೂಲ್ ಸುಮಾರು 1 ವ್ಯಾಟ್ ತಿಂದರೆ 230 ವೋಲ್ಟಿಗೆ 4 ಮಿಲಿ ಆಂಪಿನಷ್ಟು ಅರ್ಥ್‌ಗೆ ಹರಿಯುತ್ತದೆ. ಒಂದಿದ್ದಾಗ, ಅರ್ಥ್‌ಗೆ ಕರೆಂಟು ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿಗೆ ಗೊತ್ತೇ ಆಗುವುದಿಲ್ಲ. ಅಂಥವು ಐದಾರು ಸೇರಿದರೆ 30 ಮಿಲಿ ಆಂಪಿನ ಆರ್‌ಸಿಸಿಬಿ ಬೀಳುವ ಹಂತಕ್ಕೆ ಬರುತ್ತದೆ, ಏಕೆಂದರೆ ಅದು 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಟ್ರಿಪ್ ಆಗಬಹುದು. ಆಗ ದೂರು ಬರುವುದು ಗೀಸರ್ ಮೇಲೋ ಫ್ರಿಜ್ ಮೇಲೋ! ಅದಕ್ಕಿಂತ ಕೆಟ್ಟದ್ದು ಎಂದರೆ ಅರ್ಥ್ ಎಲ್ಲಾದರೂ ಕಡಿದಿದ್ದರೆ ಆ ಮಾಡ್ಯೂಲುಗಳ ಮೂಲಕ ಬಂದ ಕರೆಂಟು ಫ್ರಿಜ್ಜಿನ ಬಾಡಿಯಲ್ಲಿ ಬಂದು ಕೂರುತ್ತದೆ. ಕೆಲಸ ಮುಗಿದ ಮೇಲೆ ಒಂದೆರಡು ಬೋರ್ಡು ಬಿಚ್ಚಿಸಿ ಹಸಿರು ವೈರು ಎಲ್ಲಿಗೆ ಹೋಗಿದೆ ಎಂದು ಕಣ್ಣಾರೆ ನೋಡುವುದೊಳ್ಳೆಯದು.

ಯುಪಿಎಸ್ ಇರುವ ಮನೆಗೆ ಇನ್ನೊಂದು ಗಂಡಾಂತರ. ಒಂದೇ ಬೋರ್ಡಿನಲ್ಲಿ ಲೈಟು, ಫ್ಯಾನು ಯುಪಿಎಸ್ ಲೈನಿನಲ್ಲಿರುತ್ತವೆ, 16 ಆಂಪ್ ಸಾಕೆಟ್ ನೇರ ಲೈನಿನಲ್ಲಿರುತ್ತದೆ. ನಾಲ್ಕು ಚಾನೆಲ್ಲಿನ (ನಾಲ್ಕು ಸ್ವಿಚ್ಚು ನಡೆಸುವ) ಮಾಡ್ಯೂಲಿಗೆ ಫೇಸ್ ಒಳಬರುವ ತೂತು ಒಂದೇ. ನಾಲ್ಕನ್ನೂ ಅದಕ್ಕೇ ಜೋಡಿಸುವ ಭರದಲ್ಲಿ ಎರಡು ಫೇಸನ್ನು ಕೂಡಿಸಿದರೆ ಕರೆಂಟು ವಾಪಸ್ ಬಂದ ಕ್ಷಣಕ್ಕೆ ಇನ್ವರ್ಟರ್ ಸುಟ್ಟುಹೋಗುತ್ತದೆ. ಯುಪಿಎಸ್ ಫೇಸಿಗೆ ಒಂದು ಮಾಡ್ಯೂಲ್, ನೇರ ಫೇಸಿಗೆ ಬೇರೆ ಮಾಡ್ಯೂಲ್, ಜಾಗವಿಲ್ಲದಿದ್ದರೆ 16 ಆಂಪಿನದನ್ನು ಸಾದಾ ಸ್ವಿಚ್ಚಾಗಿಯೇ ಬಿಡುವುದು. ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರೆ ಮಾಡ್ಯೂಲುಗಳು ಆಗಾಗ ಹ್ಯಾಂಗ್ ಆಗುತ್ತವೆ, ಸೈನ್ ವೇವ್‌ನಲ್ಲಿ ಆ ತೊಂದರೆ ಬಂದಿಲ್ಲ.

ಇಲ್ಲಿ ಹಾಕಿದ್ದು ಹಳೆಯ ಸ್ವಿಚ್ಚಿನ ಹಿಂದೆ ಕೂರುವ ಮಾಡ್ಯೂಲು, ಗಾಜಿನ ಟಚ್ ಪ್ಯಾನೆಲ್ ಅಲ್ಲ. ಈ ಆಯ್ಕೆಗೆ ಪೂರ್ತಿ ಅಂಕ. ವೈಫೈ ಸತ್ತರೂ ಸ್ವಿಚ್ಚು ಟಕ್ ಅನ್ನುತ್ತದೆ, ಲೈಟು ಹತ್ತುತ್ತದೆ. ಮನೆಗೆಲಸಕ್ಕೆ ಬರುವವರಿಗೂ ಊರಿಂದ ಬಂದ ಅಜ್ಜಿಗೂ ಏನೂ ಹೇಳಿಕೊಡಬೇಕಿಲ್ಲ. ನಾಲ್ಕು ವರ್ಷದಲ್ಲಿ ಹನ್ನೊಂದರಲ್ಲಿ ಎರಡು ಹೋಗಿವೆ. ಒಂದರ ರಿಲೇ (ಮಾಡ್ಯೂಲಿನೊಳಗಿನ ಸ್ವಿಚ್ಚು) ಅಂಟಿಕೊಂಡು ಆಫ್ ಆಗಲೇ ಇಲ್ಲ, ಇನ್ನೊಂದರೊಳಗೆ ಇರುವೆ ಗೂಡು. ಎರಡಕ್ಕೂ ಆಗಿದ್ದು ಹತ್ತು ನಿಮಿಷದ ಕೆಲಸ. ಟಚ್ ಪ್ಯಾನೆಲ್ಲಾಗಿದ್ದರೆ ಅದೇ ಅಳತೆಯ, ಅದೇ ಬಣ್ಣದ ಪ್ಯಾನೆಲ್ ನಾಲ್ಕು ವರ್ಷದ ಮೇಲೆ ಸಿಗುತ್ತಿರಲಿಲ್ಲ. ಮೆಟಲ್ ಬಾಕ್ಸ್ ಕೂರಿಸುವಾಗಲೇ ಆಳದ್ದನ್ನು ಕೇಳಿ ಹಾಕಿಸಬೇಕು. ಸ್ವಿಚ್ಚು, ಮಾಡ್ಯೂಲು, ಮಡಚಿದ ವೈರು ಎಲ್ಲ ಒಳಗೆ ತುರುಕಿದರೆ ಬಿಸಿ ಹೊರಗೆ ಹೋಗದೆ ರಿಲೇ ಬೇಗ ಸಾಯುತ್ತದೆ.

ಅಳವಡಿಸಿದ ದಿನವೇ ಬದಲಿಸಬೇಕಾದ ಒಂದು ಸೆಟ್ಟಿಂಗ್ ಇದೆ: ಕರೆಂಟು ಹೋಗಿ ಬಂದಾಗ ಮಾಡ್ಯೂಲ್ ಯಾವ ಸ್ಥಿತಿಯಲ್ಲಿ ಏಳಬೇಕು ಎಂಬುದು. ಕೆಲವದರಲ್ಲಿ ಅದು ಆನ್ ಎಂದೇ ಬಂದಿರುತ್ತದೆ. ಬೆಳಗಿನ ಜಾವ ಎರಡು ಗಂಟೆಗೆ ಕರೆಂಟು ಬಂದರೆ ಇಡೀ ಮನೆ ದೀಪಾವಳಿ. ಲೈಟಿಗೆ ‘ಹಿಂದಿನ ಸ್ಥಿತಿ’, ಗೀಸರಿಗೆ, ಮೋಟಾರಿಗೆ ಕಡ್ಡಾಯವಾಗಿ ‘ಆಫ್’ ಇಡಬೇಕು.

ವೈಫೈ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ಮಾಡ್ಯೂಲುಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ. ರೂಟರಿನಲ್ಲಿ 2.4, 5 ಎರಡಕ್ಕೂ ಒಂದೇ ಹೆಸರಿದ್ದರೆ ಜೋಡಣೆ ಸತಾಯಿಸುತ್ತದೆ, ಜೋಡಿಸುವಷ್ಟು ಹೊತ್ತು 5ನ್ನು ಆಫ್ ಮಾಡಿದರೆ ಆಯಿತು. ರೂಟರ್ ಯುಪಿಎಸ್ ಲೈನಿನಲ್ಲೇ ಇರಬೇಕು. ಇಂಟರ್ನೆಟ್ ಕಂಪನಿ ಬದಲಿಸಿದಾಗ ಹೊಸ ರೂಟರಿಗೆ ಹಳೆಯ ವೈಫೈ ಹೆಸರು, ಹಳೆಯ ಪಾಸ್‌ವರ್ಡನ್ನೇ ಅಕ್ಷರ ತಪ್ಪದೆ ಕೊಟ್ಟರೆ ಎಲ್ಲ ಮಾಡ್ಯೂಲೂ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಗೊತ್ತಿಲ್ಲದವರು ಏಣಿ ಹಾಕಿಕೊಂಡು ಒಂದೊಂದನ್ನೇ ರೀಸೆಟ್ ಮಾಡುತ್ತಾರೆ. ಇವತ್ತು ಹೊಸದಾಗಿ ಕೊಳ್ಳುವವರು 2022ರ ಅಕ್ಟೋಬರಿನಲ್ಲಿ ಬಂದ ಮ್ಯಾಟರ್ ಎಂಬ, ಬೇರೆ ಬೇರೆ ಕಂಪನಿಯ ಸಾಧನಗಳಿಗೆ ಸಾಮಾನ್ಯವಾದ ಗುಣಮಟ್ಟಕ್ಕೆ ಹೊಂದುವುದನ್ನೇ ಕೇಳಲಿ. ತಯಾರಕರು ಸರ್ವರ್ ಮುಚ್ಚಿದರೂ ಬೇರೆ ಆಪ್‌ನಿಂದ ನಡೆಸಲು ಅದರಲ್ಲಿ ದಾರಿಯಿರುತ್ತದೆ.

ವೈರಿನಲ್ಲಿ ಉಳಿತಾಯ ಬೇಡ. ಲೈಟಿಗೆ ಒಂದೂವರೆ ಸ್ಕ್ವೇರ್ (ಚದರ ಮಿಲಿಮೀಟರ್ ದಪ್ಪದ ವೈರು), 16 ಆಂಪ್ ಸಾಕೆಟ್ಟಿಗೆ ಎರಡೂವರೆ, ಏಸಿಗೂ ಗೀಸರಿಗೂ ನಾಲ್ಕು ಸ್ಕ್ವೇರ್, ಪ್ರತಿ ಬೋರ್ಡಿಗೂ ನ್ಯೂಟ್ರಲ್. ಇಷ್ಟನ್ನು ಗೋಡೆ ಕೊರೆಯುವ ಮೊದಲೇ ಬರೆದು ಕೊಟ್ಟರೆ ಮುಂದೆ ಯಾವ ತಂತ್ರಜ್ಞಾನ ಬಂದರೂ ಗೋಡೆ ಒಡೆಯಬೇಕಿಲ್ಲ. ಪ್ಲಾಸ್ಟರ್ ಮುಚ್ಚುವ ಮುನ್ನ ಪ್ರತಿ ಗೋಡೆಯ ಫೋಟೋ, ಪಕ್ಕದಲ್ಲಿ ಟೇಪ್ ಹಿಡಿದು. ಆಮೇಲೆ ಮೊಳೆ ಹೊಡೆಯುವಾಗ ಆ ಫೋಟೋದ ಬೆಲೆ ತಿಳಿಯುತ್ತದೆ.

ಬಿಎಲ್‌ಡಿಸಿ ಫ್ಯಾನು ಲೆಕ್ಕಕ್ಕೆ ಸರಿಬಂದ ವಸ್ತು. ಹಳೆ ಫ್ಯಾನು 75 ವ್ಯಾಟ್ ತಿನ್ನುವ ಕಡೆ ಇದು 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗಿದರೆ ವರ್ಷಕ್ಕೆ ಸುಮಾರು 200 ಯೂನಿಟ್ ಉಳಿತಾಯ, ಯೂನಿಟ್ಟಿಗೆ ₹6 ಹಿಡಿದರೆ ₹1,200. ಗೃಹಜ್ಯೋತಿಯಡಿ ಇರುವ ಮನೆಗೆ ಇದು ಬಿಲ್ಲಿನಲ್ಲಿ ಕಾಣುವುದಿಲ್ಲ, ಬೇಸಿಗೆಯಲ್ಲಿ ಮಿತಿ ದಾಟದಂತೆ ಕಾಯುತ್ತದೆ ಅಷ್ಟೆ. ನಿಜವಾದ ಲಾಭ ಕರೆಂಟು ಹೋದಾಗ: ಮೂರು ಫ್ಯಾನು ಸೇರಿ 90 ವ್ಯಾಟ್, ಯುಪಿಎಸ್ ಬ್ಯಾಟರಿ ರಾತ್ರಿಯಿಡೀ ಎಳೆಯುತ್ತದೆ. ಇದಕ್ಕೆ ಹಳೆಯ ರೆಗ್ಯುಲೇಟರ್ ಇರಬಾರದು, ತೆಗೆಸಿ ನೇರ ಕೊಡಬೇಕು. ಇಲ್ಲವಾದರೆ ಫ್ಯಾನು ಗುಂಯ್ಗುಡುತ್ತದೆ, ಒಳಗಿನ ಬೋರ್ಡು ಸುಡುತ್ತದೆ. ಸ್ಮಾರ್ಟ್ ಮಾಡ್ಯೂಲಿನ ಫ್ಯಾನ್ ಚಾನೆಲ್ಲಿಗೂ ಇದೇ ಮಾತು. ಬರೀ ಆನ್-ಆಫ್ ಚಾನೆಲ್ಲಿಗೆ ಹಾಕಬೇಕು. ರಿಪೇರಿ ಮಾತ್ರ ದುಬಾರಿ. ಹಳೆ ಫ್ಯಾನಾದರೆ ಕೆಪಾಸಿಟರ್ ಬದಲಿಸಿ ಕೈತೊಳೆದುಕೊಳ್ಳಬಹುದಿತ್ತು, ಇದಕ್ಕೆ ಕಂಪನಿಯ ಬೋರ್ಡೇ ಬೇಕು. ಗುಡುಗು ಸಿಡಿಲಿನ ಮೇ ತಿಂಗಳಲ್ಲಿ ಒಂದು ಬೋರ್ಡು ಹೋದ ಮೇಲೆ ಮನೆಯ ಮುಖ್ಯ ಸ್ವಿಚ್ ಪೆಟ್ಟಿಗೆಯಾದ ಡಿಬಿಯಲ್ಲಿ ಸರ್ಜ್ ಪ್ರೊಟೆಕ್ಟರ್ ಬಂತು. ಮೊದಲೇ ಇರಬೇಕಿತ್ತು.

ಸಂಪಿನ ಮೋಟಾರನ್ನು ಸ್ಮಾರ್ಟ್ ಪ್ಲಗ್ಗಿಗೆ ಚುಚ್ಚುವವರಿಗೆ ಒಂದು ಎಚ್ಚರಿಕೆ. 1 ಎಚ್‌ಪಿ ಮೋಟಾರ್ ಓಡುವಾಗ 6-7 ಆಂಪ್ ಎಳೆದರೂ ಎದ್ದ ಕ್ಷಣ ಅದರ ಹಲವು ಪಟ್ಟು ಎಳೆಯುತ್ತದೆ. 16 ಆಂಪ್ ಎಂದು ಬರೆದ ಪ್ಲಗ್ಗಿನ ರಿಲೇ ಕೆಲವೇ ತಿಂಗಳಲ್ಲಿ ಬೆಸೆದುಕೊಂಡು ಮೋಟಾರ್ ನಿಲ್ಲುವುದೇ ಇಲ್ಲ, ಟ್ಯಾಂಕು ತುಂಬಿ ಕಾವೇರಿ ನೀರು ರಸ್ತೆಗೆ. ನಡುವೆ ಕಾಂಟ್ಯಾಕ್ಟರ್ (ಮೋಟಾರಿನ ದೊಡ್ಡ ಕರೆಂಟು ತಾಳುವ ಸ್ವಿಚ್ಚು) ಇರಬೇಕು, ಮಾಡ್ಯೂಲು ಕಾಂಟ್ಯಾಕ್ಟರಿನ ಕಾಯಿಲನ್ನಷ್ಟೇ ನಡೆಸಬೇಕು. ನೀರಿನ ಮಟ್ಟ ತಿಳಿಯಲು ಮೊದಲು ಬಂದದ್ದು ಸ್ಟೀಲ್ ಕಡ್ಡಿಯ ಸೆನ್ಸರ್. ಬೋರ್‌ವೆಲ್ಲಿನ ಗಡಸು ನೀರಿಗೆ ಎಂಟು ತಿಂಗಳಲ್ಲಿ ಕಡ್ಡಿಯ ಮೇಲೆ ಬಿಳಿ ಸುಣ್ಣದ ಪದರ ಕಟ್ಟಿ, ಟ್ಯಾಂಕು ತುಂಬಿದರೂ ಖಾಲಿ ಎಂದೇ ತೋರಿಸತೊಡಗಿತು. ಈಗ ವೈರಿಗೆ ತೂಗುವ ದಪ್ಪ ಫ್ಲೋಟ್ ಸ್ವಿಚ್ ಇದೆ, ಆಪ್ ಇಲ್ಲ, ತೊಂದರೆಯೂ ಇಲ್ಲ. ಸಂಪಿನಲ್ಲೂ ಒಂದು ಫ್ಲೋಟ್ ಬೇಕು, ನೀರಿಲ್ಲದೆ ಮೋಟಾರ್ ಓಡಿದರೆ ಸೀಲ್ ಸುಡುತ್ತದೆ.

ಸ್ಮಾರ್ಟ್ ಲಾಕ್: 5ಕ್ಕೆ 2. ತೇಗದ ಮುಂಬಾಗಿಲು ಜೂನ್ ಬಂದರೆ ಉಬ್ಬುತ್ತದೆ. ಕೈಯಿಂದ ಬೀಗ ಹಾಕುವಾಗ ಬಾಗಿಲನ್ನು ಸ್ವಲ್ಪ ಎಳೆದು ತಿರುಗಿಸುತ್ತೇವೆ. ಮೋಟಾರಿಗೆ ಆ ಬುದ್ಧಿಯಿಲ್ಲ, ಬೋಲ್ಟು ಚೌಕಟ್ಟಿಗೆ ತಾಗಿ ನಿಂತು ಕೀಂ ಎನ್ನುತ್ತದೆ. ತಗಡಿನ ತೂತನ್ನು 2 ಮಿಲಿಮೀಟರ್ ಅರದಿಂದ ಅಗಲಿಸಿದ ಮೇಲೆ ಸರಿಹೋಯಿತು. ಪಾತ್ರೆ ತೊಳೆದ ಒದ್ದೆ ಬೆರಳು, ವಯಸ್ಸಾದವರ ಸವೆದ ಬೆರಳು ಇದಕ್ಕೆ ಗುರುತು ಹತ್ತುವುದಿಲ್ಲ, ಅವರಿಗೆ ಪಿನ್ ಅಥವಾ ಕಾರ್ಡೇ ಗತಿ. ನಾಲ್ಕು ಎಎ ಸೆಲ್ಲು ಹತ್ತು ತಿಂಗಳು ಬರುತ್ತವೆ. ಲೋಹದ ಬೀಗದಕೈ ಇರುವ ಮಾದರಿಯನ್ನೇ ಕೊಳ್ಳಬೇಕು, ಆ ಬೀಗದಕೈ ಮನೆಯೊಳಗೆ ಇರಬಾರದು.

ಇನ್ನು ಮರಮಟ್ಟು. ಅಡುಗೆಮನೆಯ ಕೆಳಗಿನ ಕಪಾಟಿಗೆ ಐಎಸ್ 710ರ ಬಿಡಬ್ಲ್ಯುಪಿ (ಕುದಿಯುವ ನೀರಿಗೂ ಜಗ್ಗದ) ಪ್ಲೈವುಡ್, 18 ಮಿಲಿಮೀಟರ್. ಬೆಡ್‌ರೂಮಿನ ವಾರ್ಡ್‌ರೋಬಿಗೆ ಐಎಸ್ 303ರ ಎಂಆರ್ (ತೇವವನ್ನಷ್ಟೇ ತಡೆಯುವ) ದರ್ಜೆ ಸಾಕು. ಅಂಗಡಿಯಲ್ಲಿ ಎಲ್ಲವೂ ‘ವಾಟರ್‌ಪ್ರೂಫ್’; ಹಾಳೆಯ ಮೇಲೆ ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಸಂಖ್ಯೆ ಇರುತ್ತದೆ, ಬಿಐಎಸ್ ಕೇರ್ ಆಪ್‌ನಲ್ಲಿ ಹೊಡೆದರೆ ಆ ಲೈಸೆನ್ಸು ಯಾರದು, ಯಾವ ದರ್ಜೆಗೆ ಎಂದು ಬರುತ್ತದೆ. ಇನ್ನೂ ನಂಬಿಕೆ ಸಾಲದಿದ್ದರೆ ಎರಡಿಂಚಿನ ತುಂಡು ಕತ್ತರಿಸಿ ಹಳೆ ಪಾತ್ರೆಯಲ್ಲಿ ಕುದಿಸಿ. 710ರ ಪರೀಕ್ಷೆಯಲ್ಲಿ ಹಾಳೆ 72 ಗಂಟೆ ಕುದಿಯನ್ನು ತಡೆಯಬೇಕು. ಎಂಆರ್ ತುಂಡು ಅಷ್ಟು ಹೊತ್ತು ಕಾಯಿಸದೆ ಪದರ ಬಿಡುತ್ತದೆ.

ಆದರೂ ಸಿಂಕಿನ ಕೆಳಗೆ ಒಂದು ಕಡೆ ಊದಿತು. ತಪ್ಪು ಪ್ಲೈವುಡ್ಡಿನದಲ್ಲ. ಪೈಪಿಗಾಗಿ ಕೊರೆದ ತೂತಿನ ಅಂಚನ್ನು ಹಾಗೇ ಬಿಟ್ಟಿದ್ದರು, ವಾಟರ್ ಫಿಲ್ಟರಿನ ಸಣ್ಣ ಪೈಪು ತೊಟ್ಟಿಕ್ಕಿ ಒಳಗಿನ ಲ್ಯಾಮಿನೇಟ್ ಎದ್ದಿತು. ಕೊರೆದ ಪ್ರತಿ ಅಂಚಿಗೂ ಸಿಲಿಕೋನ್ ಬಳಿಸಬೇಕು. ಕಪಾಟು ನೆಲಕ್ಕೆ ತಾಗದೆ 4 ಇಂಚಿನ ಪಿವಿಸಿ ಕಾಲಿನ ಮೇಲೆ ನಿಲ್ಲಬೇಕು, ಆಗ ನೆಲ ಒರೆಸುವ ನೀರೂ ಗೆದ್ದಲೂ ತಕ್ಷಣ ಕಣ್ಣಿಗೆ ಬೀಳುತ್ತವೆ. ಉದ್ದ ಬಾಗಿಲಿಗೆ ಹೊರಗೆ 1 ಮಿಲಿಮೀಟರ್ ಲ್ಯಾಮಿನೇಟ್ ಹಾಕಿ ಒಳಗೆ ಬರೀ ಪೇಂಟು ಹೊಡೆದರೆ ಬಾಗಿಲು ಬಿಲ್ಲಿನಂತೆ ಬಾಗುತ್ತದೆ. ಒಳಗೂ ತೆಳು ಲ್ಯಾಮಿನೇಟ್ ಬೇಕು. ಕಟ್ಟೆಗೆ ಕಪ್ಪು ಗ್ರಾನೈಟ್ ಬಿಟ್ಟು ಬೇರೆ ಯೋಚನೆ ಬೇಡ. ಕ್ವಾರ್ಟ್ಸ್ ಚೆಂದ, ಅದರೊಳಗಿನ ರಾಳಕ್ಕೆ ಒಲೆಯಿಂದ ಇಳಿಸಿದ ಒಗ್ಗರಣೆ ಬಾಣಲೆ ಆಗುವುದಿಲ್ಲ.

ನೆಲಕ್ಕೆ ಮೊಸಾಯಿಕ್ ಒಡೆಯದೆ ಅದರ ಮೇಲೆಯೇ ವಿಟ್ರಿಫೈಡ್ ಟೈಲ್ಸ್, ಸಿಮೆಂಟಿನ ಬದಲು ಟೈಲ್ ಅಡ್ಹೆಸಿವ್. ದೂಳು, ಡೆಬ್ರಿಸ್ ಸಾಗಿಸುವ ಖರ್ಚು ಉಳಿಯಿತು. ನೆಲ 12-15 ಮಿಲಿಮೀಟರ್ ಏರುವುದರಿಂದ ಎಲ್ಲ ಬಾಗಿಲನ್ನೂ ಕೆಳಗೆ ಕೊಯ್ಯಬೇಕು, ಬಾತ್‌ರೂಮಿನ ಹೊಸ್ತಿಲು ಎತ್ತರಿಸಬೇಕು, ಇದನ್ನು ಮೇಸ್ತ್ರಿ ತಾನಾಗಿ ಹೇಳುವುದಿಲ್ಲ. ಹಳೆ ನೆಲವನ್ನು ಮೊದಲು ನಾಣ್ಯದಿಂದ ತಟ್ಟಿ ಟೊಳ್ಳು ಸದ್ದು ಬಂದ ಕಡೆ ಕಿತ್ತು ತುಂಬಿಸಬೇಕು. ಹೊಳಪಿನ ಜಿವಿಟಿ (ಮೇಲೆ ಗ್ಲೇಜ್ ಬಳಿದ ವಿಟ್ರಿಫೈಡ್) ಟೈಲಿನ ಚಿತ್ರವಿರುವ ಪದರ ಕಾಗದದಷ್ಟು ತೆಳು. ದೇವರ ಮನೆಯ ಮುಂದೆ ರಂಗೋಲಿ ಪುಡಿ ಕಾಲಡಿ ಉಜ್ಜಿ ಎರಡೇ ವರ್ಷದಲ್ಲಿ ಮಂಕಾದ ಪಟ್ಟಿ ಬಿದ್ದಿದೆ, ರಂಗೋಲಿ ಪುಡಿಯೂ ಕಲ್ಲಿನ ಪುಡಿಯೇ ತಾನೆ. ಅಲ್ಲಿಗೂ ಮುಂಬಾಗಿಲಿಗೂ ಬಣ್ಣದ ಪದರ ದಪ್ಪವಿರುವ ಡಬಲ್ ಚಾರ್ಜ್ ಟೈಲ್ ಅಥವಾ ಗ್ರಾನೈಟು ಬೇಕಿತ್ತು. ಅಡುಗೆಮನೆಯಲ್ಲಿ ಟೈಲ್ ಸಂದಿಗೆ ತುಂಬಿದ ಎಪಾಕ್ಸಿ ಗ್ರೌಟ್ ಅರಿಸಿನಕ್ಕೂ ಎಣ್ಣೆಗೂ ಜಗ್ಗಿಲ್ಲ, ಬಿಳಿ ಬಣ್ಣದ್ದು ಮಾತ್ರ ಹಳದಿಗೆ ತಿರುಗಿದೆ, ಬೂದು ಆರಿಸಿ. ಕಲಸಿದ ಮುಕ್ಕಾಲು ಗಂಟೆಯೊಳಗೆ ಮುಗಿಸಿ ಟೈಲ್ ಮೇಲಿನದನ್ನು ಒರೆಸದಿದ್ದರೆ ಆಮೇಲೆ ಬಿಡುವುದಿಲ್ಲ, ಹಾಗಾಗಿ ಒಂದು ಸಲಕ್ಕೆ ಅರ್ಧ ಡಬ್ಬಿ ಮಾತ್ರ.

ಬಾತ್‌ರೂಮಿಗೆ ಎರಡು ಕೋಟು ವಾಟರ್‌ಪ್ರೂಫಿಂಗ್ ಆದ ಮೇಲೆ ಟೈಲ್ ಹಾಕುವ ಮುಂಚೆ ಹೊರಹೋಗುವ ಪೈಪಿಗೆ ಬಟ್ಟೆ ತುರುಕಿ, 2 ಇಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗೆರೆ ಎಳೆದು 48 ಗಂಟೆ ಬಿಡಬೇಕು. ಕೆಳಗಿನ ಸೀಲಿಂಗನ್ನು ಟಾರ್ಚ್ ಹಾಕಿ ನೋಡಬೇಕು. ಕೆಲಸ ಮುಗಿಯುವಾಗ ಪ್ರತಿ ಬಗೆಯ ಟೈಲೂ ಎರಡೆರಡು ಪೆಟ್ಟಿಗೆ ಉಳಿಸಿ, ಪೆಟ್ಟಿಗೆಯ ಬ್ಯಾಚ್ ನಂಬರಿರುವ ಬದಿ ಹರಿಯದಂತೆ ಅಟ್ಟದ ಮೇಲೆ ಇಡಿ. ಅದೇ ಹೆಸರಿನ ಟೈಲು ಆರು ತಿಂಗಳ ಮೇಲೆ ಬಂದರೆ ಬಣ್ಣ ಒಂದು ಕೂದಲೆಳೆಯಷ್ಟು ಬೇರೆ ಇರುತ್ತದೆ, ನಡುಮನೆಯಲ್ಲಿ ಅದು ತೇಪೆಯಂತೆ ಕಾಣುತ್ತದೆ.