35 ಪೌಂಡ್ ಅಂತ ಹೇಳಿ 46 ಪೌಂಡಿನ ಬಿಲ್ಲು ಕೊಟ್ಟ, ಹುಷಾರು!

ಆನ್‌ಲೈನಿನಲ್ಲಿ ಹಾರ್ಸ್‌ಬೋ, ಅಂದರೆ ಕುದುರೆ ಸವಾರರ ಥರದ ಗಿಡ್ಡ ಬಿಲ್ಲು, ತಗೊಳ್ಳೋಕೆ ಹೊರಟಿದ್ದೀರಾ? ದುಡ್ಡು ಕಳಿಸುವ ಮೊದಲು ಇದನ್ನು ಓದಿ.

ನಾನು 25 ಪೌಂಡಿನ ರಿಕರ್ವ್‌ನಲ್ಲಿ (ತುದಿ ಮುಂದಕ್ಕೆ ಬಾಗಿದ ಬಿಲ್ಲು) ಅಭ್ಯಾಸ ಮಾಡುತ್ತಿದ್ದೆ. ಪೌಂಡ್ ಅಂದರೆ ಬಿಲ್ಲಿನ ತೂಕ ಅಲ್ಲ, ಹೆದೆ ಎಳೆಯೋಕೆ ಬೇಕಾಗುವ ಬಲ. ಬೇರೆ ಥರದ ಬಿಲ್ಲುಗಳನ್ನೂ ಎಳೆದು ನೋಡುವ ಆಸೆ. ಗುರಿ ನೋಡುವ ಸೈಟ್ ಇಲ್ಲ, ಬಾಣ ಕೂರಿಸುವ ರೆಸ್ಟ್ ಇಲ್ಲ, ಕೈ ಮೇಲೇ ಬಾಣ ಇಟ್ಟು ಬಿಡುವಂಥದ್ದು ಬೇಕಿತ್ತು. 35ಕ್ಕಿಂತ ಜಾಸ್ತಿ ಬೇಡ ಅಂತ ಮಾರುವವನಿಗೆ ಮೆಸೇಜಿನಲ್ಲೇ ಬರೆದಿದ್ದೆ. "ಪಕ್ಕಾ 35 ಸರ್, 28 ಇಂಚಿಗೆ" ಅಂದ, ಅಂದರೆ 28 ಇಂಚು ಎಳೆದಾಗ. ಪೂರ್ತಿ ದುಡ್ಡು ಮುಂಗಡ. ಅದಕ್ಕೆ ಹೊಂದುತ್ತೆ ಅಂತ 600 ಸ್ಪೈನಿನ (ಬಾಣ ಎಷ್ಟು ಬಾಗುತ್ತೆ ಅನ್ನುವ ಸಂಖ್ಯೆ) ಕಾರ್ಬನ್ ಬಾಣಗಳನ್ನೂ ಅವನೇ ಕೊಟ್ಟ.

ಬಿಲ್ಲು ನೋಡೋಕೆ ಚೆಂದ, ಹಿಡಿಗೆ ಚರ್ಮ ಸುತ್ತಿದೆ. ಆದರೆ ಹೆದೆ ಏರಿಸುವಾಗಲೇ ಬೆವರು ಕಿತ್ತುಕೊಂಡಿತು. ಮೈದಾನದಲ್ಲಿ ಎಲ್ಲರ ಮುಂದೆ ಎಳೆದರೆ ಗಲ್ಲದ ತನಕ ಬರುವುದೇ ಇಲ್ಲ. ತೋಳು ಗಡಗಡ. ಹೇಗೋ ಬಿಟ್ಟ ಬಾಣಗಳೆಲ್ಲ ಬಲಕ್ಕೆ. ನಾನು ಬಲಗೈಯವನು, ಮೂರು ಬೆರಳಲ್ಲಿ ಎಳೆಯುತ್ತೇನೆ. ಬಿಲ್ಲಿನ ಜೋರಿಗೆ ಬಾಣ ಮೆತ್ತಗಾದರೆ ಹಾಗೇ ಆಗುವುದು. ಜೊತೆಗಿದ್ದ ಹಿರಿಯರೊಬ್ಬರು ಎಳೆದು ನೋಡಿ, "ಇದು 35 ಆದ್ರೆ ನಾನು ಅರ್ಜುನ ಕಣಯ್ಯಾ" ಅಂದರು. ಎಲ್ಲರೂ ನಕ್ಕರು. ನಾಚಿಕೆಯಲ್ಲಿ ಬಿಲ್ಲು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ಲಗೇಜ್ ತೂಗುವ ಡಿಜಿಟಲ್ ಕೊಕ್ಕೆ ಇರುತ್ತಲ್ಲ, ಅದನ್ನು ಹೆದೆಗೆ ಸಿಕ್ಕಿಸಿದೆ. ಬಾಣಕ್ಕೆ 28 ಇಂಚಿನಲ್ಲಿ ಟೇಪ್ ಸುತ್ತಿದೆ. ನಾನು ಎಳೆದೆ, ತಮ್ಮ ಓದಿದ. 21 ಕೆಜಿ. ಅಂದರೆ 46 ಪೌಂಡ್! 35 ಆಗಿದ್ದರೆ 16 ಕೆಜಿ ಆಸುಪಾಸು ತೋರಿಸಬೇಕಿತ್ತು. ಆಗ ಬಿಲ್ಲಿನ ಮೇಲಿನ "35" ಸ್ಟಿಕ್ಕರ್ ಕಡೆ ಕಣ್ಣು ಹೋಯಿತು. ಒಂದು ಮೂಲೆ ಎದ್ದಿತ್ತು. ಉಗುರಿನಿಂದ ಕೆರೆದೆ. ಕೆಳಗೆ ಕಪ್ಪು ಮಾರ್ಕರಿನಲ್ಲಿ "45" ಅಂತ ಬರೆದಿದೆ. ಮೈಯೆಲ್ಲ ಉರಿದು ಹೋಯಿತು. ಗೊತ್ತಿದ್ದೇ ಅಂಟಿಸಿದ್ದಾನೆ. ಗೊತ್ತಿದ್ದೇ!

ಇನ್ನು ಅವನ ಉತ್ತರಗಳನ್ನು ಕೇಳಿ. ಮೊದಲು, "ನಿಮ್ಮ ಕೈ ಉದ್ದ ಸರ್, ಅದಕ್ಕೆ ಜಾಸ್ತಿ ಬರ್ತಿದೆ." ಒಂದು ಇಂಚು ಜಾಸ್ತಿ ಎಳೆದರೆ ಎರಡು ಮೂರು ಪೌಂಡ್ ಏರುತ್ತೆ, ನನಗೂ ಗೊತ್ತು. ನಾನು ಅಳೆದಿದ್ದು 28ಕ್ಕೇ ಅಲ್ವಾ? ವಿಡಿಯೋ ಕಳಿಸಿದೆ. "ಹೊಸ ಬಿಲ್ಲು ಸರ್, ಎಳೀತಾ ಎಳೀತಾ ಸಡಿಲ ಆಗುತ್ತೆ." ಹನ್ನೊಂದು ಪೌಂಡ್ ಸಡಿಲ ಆಗೋಕೆ ಅದೇನು ಪೈಜಾಮದ ಲಾಡಿನಾ? ಸ್ಟಿಕ್ಕರ್ ಕೆಳಗಿನ ಫೋಟೋ ಕಳಿಸಿದೆ. "ಅದು ಮಾಡೆಲ್ ನಂಬರ್ ಸರ್." ಕೊನೆಗೆ, "ಸ್ವಲ್ಪ ಜಿಮ್‌ಗೆ ಹೋಗಿ. ಬಳಸಿದ ಬಿಲ್ಲು ವಾಪಸ್ ತಗೊಳಲ್ಲ." ಅಷ್ಟೇ, ಬ್ಲಾಕ್. ಜಿಮ್‌ಗೆ ಹೋಗಬೇಕಂತೆ!

ದುಡ್ಡು ಕೊಡುವ ಮೊದಲು, ಕೊಕ್ಕೆ ಹಾಕಿ 28 ಇಂಚಿಗೆ ಎಳೆದು ತೋರಿಸುವ ವಿಡಿಯೋ ಕೇಳಿ. ನೆಪ ಹೇಳಿದರೆ ಅಲ್ಲೇ ಬಿಟ್ಟುಬಿಡಿ. ಬಿಲ್ಲು ತೂಗಿ ನೋಡುವ ತನಕ ಬಾಣ ತಗೊಳ್ಳಲೇಬೇಡಿ. ಸ್ಪೈನ್ ಸಂಖ್ಯೆ ಇಳಿದಷ್ಟು ಬಾಣ ಗಟ್ಟಿ, ಈ ಬಿಲ್ಲಿಗೆ 500ರದ್ದು ಬೇಕು. ನನ್ನ 600ರ ಬಾಣಗಳು ಸುಮ್ನೆ ಮೂಲೆಯಲ್ಲಿ ಬಿದ್ದಿವೆ. ಭುಜ ಇನ್ನೂ ನೋಯುತ್ತಿದೆ.

ಗಟ್ಟಿ ಬಿಲ್ಲು ಎಳೆದು ಅಭ್ಯಾಸ ಇರುವವರು ಯಾರಿಗಾದರೂ ಇದು ಬೇಕಿದ್ದರೆ ಹೇಳಿ. 46 ಅಂತ ಹೇಳಿಯೇ ಮಾರುತ್ತೇನೆ.