ಟ್ರೂನ್ಯಾಟ್: ದಿನಾ ಬಳಸುವ ಲ್ಯಾಬ್ ಟೆಕ್ನಿಷಿಯನ್ ಕಂಡಂತೆ

ಟ್ರೂನ್ಯಾಟ್‌ನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದೇ. ರಿಸಲ್ಟನ್ನು ಯಂತ್ರವೇ ಓದುತ್ತದೆ, ಯಂತ್ರವೇ ಬರೆದಿಡುತ್ತದೆ. ನಾನು ಮಲೆನಾಡಿನ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಟಿಬಿ ಟೆಸ್ಟಿಗೆ ನಮ್ಮಲ್ಲಿ ಇರುವುದು ಇದೇ ಯಂತ್ರ. ನಮ್ಮಂಥ ಸಣ್ಣ ಲ್ಯಾಬ್‌ನಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಬರೆಯುತ್ತಿದ್ದೇನೆ.

ಇದು ಬರುವ ಮುಂಚೆ ಎಲ್ಲ ಮೈಕ್ರೋಸ್ಕೋಪಿನ ಮೇಲೇ. ಕಫದ ಸ್ಲೈಡಿಗೆ ಕಾರ್ಬಾಲ್ ಫುಕ್ಸಿನ್ ಬಣ್ಣ ಹಾಕಿ, ಬಿಸಿ ಮಾಡಿ, ಆಸಿಡ್‌ನಲ್ಲಿ ತೊಳೆದು, ನೀಲಿ ಹಾಕಿ, ನೂರು ಫೀಲ್ಡ್ (ಲೆನ್ಸಿನಲ್ಲಿ ಒಮ್ಮೆಗೆ ಕಾಣುವಷ್ಟು ಜಾಗ ಒಂದು ಫೀಲ್ಡ್) ನೋಡಬೇಕು. ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ಕ್ರಿಮಿ ಇದ್ದರೆ ಮಾತ್ರ ಕಣ್ಣಿಗೆ ಬೀಳುತ್ತವೆ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಸೋತಿರುತ್ತದೆ. ಕ್ರಿಮಿ ಎಷ್ಟಿವೆ, ಒಂದು ಪ್ಲಸ್ಸೋ ಎರಡು ಪ್ಲಸ್ಸೋ ಅನ್ನುವುದು ನೋಡಿದವರ ತೀರ್ಮಾನ. ಆಮೇಲೆ ಅದು ರಿಜಿಸ್ಟರ್‌ಗೆ, ಅಲ್ಲಿಂದ ಚೀಟಿಗೆ, ಚೀಟಿಯಿಂದ ಡಾಕ್ಟರ್ ಟೇಬಲ್‌ಗೆ. ಬರೆಯುವ ಕೈ ಬದಲಾದಷ್ಟೂ ತಪ್ಪಿಗೆ ದಾರಿ ಜಾಸ್ತಿ.

ಟ್ರೂನ್ಯಾಟ್ ಅಂದರೆ ಒಂದೇ ಪೆಟ್ಟಿಗೆ ಅಲ್ಲ. ಗೋವಾದ ಮೋಲ್‌ಬಯೋ ಕಂಪನಿ ಮಾರುತ್ತದೆ, ತಂತ್ರಜ್ಞಾನ ಬೆಳೆದದ್ದು ನಮ್ಮ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ. ಕಫದಿಂದ ಡಿಎನ್‌ಎ ತೆಗೆಯುವುದು ಟ್ರೂಪ್ರೆಪ್ ಅನ್ನುವ ಯಂತ್ರ. ಅದನ್ನು ಓದುವುದು ಟ್ರೂಲ್ಯಾಬ್ ಅನ್ನುವ ಇನ್ನೊಂದು. ಈ ಟ್ರೂಲ್ಯಾಬ್ ಮೂರು ಅಳತೆಯಲ್ಲಿ ಬರುತ್ತದೆ: ಯುನೋದಲ್ಲಿ ಒಂದು ಚಿಪ್, ಡ್ಯುಯೋದಲ್ಲಿ ಎರಡು, ಕ್ವಾಟ್ರೋದಲ್ಲಿ ನಾಲ್ಕು. ನಮ್ಮದು ಡ್ಯುಯೋ. ಎರಡು ಕಿಂಡಿಗಳೂ ಸ್ವತಂತ್ರ. ಒಂದರಲ್ಲಿ ಟಿಬಿ ಟೆಸ್ಟ್ ಅರ್ಧ ನಡೆದಿರುವಾಗಲೇ ಇನ್ನೊಂದರಲ್ಲಿ ಬೇರೆ ಟೆಸ್ಟ್ ಶುರು ಮಾಡಬಹುದು. ಒಟ್ಟಿಗೆ ಇಪ್ಪತ್ತು ಸ್ಯಾಂಪಲ್ ಸೇರಲಿ ಅಂತ ಕಾಯುವ ದೊಡ್ಡ ಪಿಸಿಆರ್ ಯಂತ್ರ ತಾಲ್ಲೂಕಿಗೆ ಸರಿ ಹೋಗುವುದಿಲ್ಲ. ನಮ್ಮಲ್ಲಿಗೆ ಬೆಳಗಿನ ಬಸ್ಸಿಗೆ ಒಬ್ಬರು ಬರುತ್ತಾರೆ, ಹನ್ನೊಂದಕ್ಕೆ ಇನ್ನೊಬ್ಬರು. ಬಂದವರದ್ದು ಬಂದ ಹಾಗೆ ಹಾಕುತ್ತೇನೆ.

ಚಿಪ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಬೆರಳಿನಲ್ಲಿ ಹಿಡಿಯುವಷ್ಟು ಚಿಕ್ಕದು, ನಡುವೆ ಒಂದು ಸಣ್ಣ ಗುಣಿ. ಟ್ರೂಪ್ರೆಪ್ ಸುಮಾರು ಇಪ್ಪತ್ತು ನಿಮಿಷದಲ್ಲಿ ಡಿಎನ್‌ಎ ಕೊಟ್ಟ ಮೇಲೆ, ಯಂತ್ರದ ಜೊತೆ ಬರುವ ಪಿಪೆಟ್‌ನಲ್ಲಿ ಸರಿಯಾಗಿ 6 ಮೈಕ್ರೊಲೀಟರ್ ಎಳೆಯಬೇಕು. ಅದನ್ನು ಪುಟ್ಟ ಟ್ಯೂಬಿಗೆ ಬಿಡಬೇಕು. ಒಳಗೆ ಒಣಗಿಸಿಟ್ಟ ರೀಏಜೆಂಟ್, ಅಂದರೆ ಟೆಸ್ಟಿನ ರಾಸಾಯನಿಕ, ಇರುತ್ತದೆ. ಅಲ್ಲಾಡಿಸದೆ ಒಂದು ನಿಮಿಷದೊಳಗೆ ಕರಗಲು ಬಿಟ್ಟರೆ ದ್ರವ ತಿಳಿಯಾಗುತ್ತದೆ. ಮತ್ತೆ 6 ಮೈಕ್ರೊಲೀಟರ್ ಎಳೆದು ಚಿಪ್‌ನ ಗುಣಿಗೆ ಬಿಡಬೇಕು. ಗುಳ್ಳೆ ಏಳಬಾರದು, ದ್ರವ ಹೊರಗೆ ಚೆಲ್ಲಬಾರದು. ಇಷ್ಟು ಹೊತ್ತು ಉಸಿರು ಬಿಗಿಹಿಡಿದೇ ಕೆಲಸ. ಆಮೇಲೆ ಕೆಲಸ ಪೂರ್ತಿ ಯಂತ್ರದ್ದು.

ಆ ಚಿಪ್‌ಗೆ ತನ್ನದೇ ನೆನಪಿದೆ. ಆ ಬ್ಯಾಚ್‌ನ ಅಳತೆಗೆ ಬೇಕಾದ ಮಾಹಿತಿ ಅದರಲ್ಲೇ ಇದೆ. ಒಮ್ಮೆ ಬಳಸಿದ ಚಿಪ್ ಅಂತಲೂ ಅದರಲ್ಲಿ ದಾಖಲಾಗುತ್ತದೆ. ಹಾಗಾಗಿ ಮರೆತು ಇನ್ನೊಬ್ಬರಿಗೆ ಅದನ್ನೇ ಹಾಕಲು ಆಗುವುದಿಲ್ಲ. ಟೆಕ್ನಿಷಿಯನ್ ಒಬ್ಬರೇ ಇರುವ ಲ್ಯಾಬ್‌ನಲ್ಲಿ ಗಡಿಬಿಡಿ ಹೇಗಿರುತ್ತದೆ ಅಂತ ಗೊತ್ತಿದ್ದವರೇ ಇದನ್ನು ಯೋಚಿಸಿರಬೇಕು. ಒಂದು ಗಂಟೆಯೊಳಗೆ ಸ್ಕ್ರೀನ್ ಮೇಲೆ ಗೆರೆ ಏರುವುದು ಕಾಣುತ್ತದೆ. ಟಿಬಿ ಇದೆಯೋ ಇಲ್ಲವೋ, ಇದ್ದರೆ ಎಷ್ಟು, ಎಲ್ಲ ಬರುತ್ತದೆ. ಜೊತೆಗೆ ಟೆಸ್ಟ್ ಸರಿಯಾಗಿ ನಡೆಯಿತೋ ಇಲ್ಲವೋ ಅಂತ ತೋರಿಸುವ ಒಂದು ಕಂಟ್ರೋಲ್ ಕೂಡ ಓಡಿರುತ್ತದೆ. ಟಿಬಿ ಇಲ್ಲ ಅನ್ನಬೇಕಾದರೆ ಕಂಟ್ರೋಲ್ ಸರಿಯಾಗಿ ಬಂದಿರಲೇಬೇಕು, ಇಲ್ಲದಿದ್ದರೆ ‘ಇನ್‌ವ್ಯಾಲಿಡ್’ ಅಂತ ತೋರಿಸುತ್ತದೆ. ಸುಮ್ನೆ ನೆಗೆಟಿವ್ ಅಂದು ರೋಗಿಯನ್ನು ಮನೆಗೆ ಕಳಿಸುವುದಿಲ್ಲ. ಇದು ನನಗೆ ಬಹಳ ದೊಡ್ಡ ವಿಷಯ.

ರಿಸಲ್ಟ್ ಯಂತ್ರದೊಳಗೇ ಉಳಿಯುತ್ತದೆ. ಬ್ಲೂಟೂತ್ ಪ್ರಿಂಟರ್‌ನಲ್ಲಿ ಚೀಟಿ ತೆಗೆಯಬಹುದು, ವೈಫೈ ಅಥವಾ ಸಿಮ್ ಮೂಲಕ ಕಳಿಸಬಹುದು. ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್, ಕರೆಂಟ್ ಎರಡೂ ನಂಬುವಂತಿಲ್ಲ. ಎರಡೂ ಯಂತ್ರಕ್ಕೆ ಬ್ಯಾಟರಿ ಇರುವುದರಿಂದ ಕರೆಂಟ್ ಹೋಯಿತು ಅಂತ ನಡೆಯುತ್ತಿರುವ ಟೆಸ್ಟ್ ಕೆಡುವುದಿಲ್ಲ. ಎಸಿ ರೂಮೂ ಬೇಡ, ಚಿಪ್‌ಗಳನ್ನು 30 ಡಿಗ್ರಿವರೆಗೆ ಹೊರಗೇ ಇಡಬಹುದು.

ಇನ್ನು ಎಲ್ಲಿ ಕಡಿಮೆ ಬೀಳುತ್ತದೆ? ಮೊದಲನೆಯದು ಆ ಪಿಪೆಟ್ ಕೆಲಸ. ಅಮೆರಿಕದ ಸೆಫೀಡ್ ಕಂಪನಿಯ ಜೀನ್‌ಎಕ್ಸ್‌ಪರ್ಟ್‌ನಲ್ಲಿ ಕಫಕ್ಕೆ ರೀಏಜೆಂಟ್ ಬೆರೆಸಿ ಕಾರ್ಟ್ರಿಜ್‌ಗೆ ಸುರಿದರೆ ಮುಗಿಯಿತು. ಟಿಬಿ ಇದೆಯೋ ಅನ್ನುವುದೂ, ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್ ನಾಟುತ್ತದೋ ಇಲ್ಲವೋ ಅನ್ನುವುದೂ ಒಟ್ಟಿಗೇ ಬರುತ್ತದೆ. ಟ್ರೂನ್ಯಾಟ್‌ನಲ್ಲಿ ಟಿಬಿ ಬಂದರೆ, ರಿಫಾಂಪಿಸಿನ್ ನೋಡಲು ಅದೇ ಡಿಎನ್‌ಎ ತಗೊಂಡು ಇನ್ನೊಂದು ಚಿಪ್ ಹಾಕಬೇಕು, ಇನ್ನೊಂದು ಗಂಟೆ ಕಾಯಬೇಕು. ಕೈ ಪಳಗಿದವರಿಗೆ ಕಷ್ಟವಿಲ್ಲ. ಆದರೆ ಹೊಸಬರಿಗೆ ತರಬೇತಿ ಕೊಡದೆ ಕೂರಿಸಬಾರದು.

ಎರಡನೆಯದು ನನಗೆ ಜಾಸ್ತಿ ಕಾಡುವುದು. ಯಂತ್ರ ರಿಸಲ್ಟನ್ನು ಎಷ್ಟು ಜೋಪಾನ ಮಾಡಿದರೂ, ಅದು ಯಾರದ್ದು ಅನ್ನುವುದನ್ನು ನಾನೇ ಟೈಪ್ ಮಾಡಬೇಕು. ಸಣ್ಣ ಸ್ಕ್ರೀನ್, ಕೈಯಲ್ಲಿ ಗ್ಲೌಸ್, ಪಕ್ಕದಲ್ಲಿ ಮಸುಕಾದ ಚೀಟಿ. ಒಂದೇ ಊರಿನಿಂದ ಇಬ್ಬರು ಮಂಜುನಾಥರ ಸ್ಯಾಂಪಲ್ ಒಂದೇ ದಿನ ಬಂದದ್ದಿದೆ. ಹಾಗಾಗಿ ನಾನು ಹೆಸರಿನ ಮೇಲೆ ಭರವಸೆ ಇಡುವುದಿಲ್ಲ. ಸರ್ಕಾರದ ಟಿಬಿ ದಾಖಲೆಯ ವೆಬ್‌ಸೈಟ್ ಆದ ನಿಕ್ಷಯ್‌ನಲ್ಲಿ ನಂಬರ್ ಮಾಡಿಸದೆ ಸ್ಯಾಂಪಲ್ ಮುಟ್ಟುವುದಿಲ್ಲ. ಡಬ್ಬಿಯ ಮೈ ಮೇಲೆ ಆ ನಂಬರ್ ಬರೆದು (ಮುಚ್ಚಳದ ಮೇಲಲ್ಲ, ಮುಚ್ಚಳ ಅದಲು ಬದಲಾಗುತ್ತದೆ) ಅದನ್ನೇ ಯಂತ್ರಕ್ಕೂ ಹಾಕುತ್ತೇನೆ. ನಮ್ಮ ಎಸ್‌ಟಿಎಸ್ (ಟಿಬಿ ಚಿಕಿತ್ಸೆಯ ಮೇಲ್ವಿಚಾರಕರು) ಸರ್ ಮೊದಲು "ಇಷ್ಟೆಲ್ಲಾ ಯಾಕ್ರೀ, ಹೆಸರಿದೆಯಲ್ಲಾ" ಅಂದಿದ್ದರು. ಈಗ ಅವರೇ ಆಶಾ ಕಾರ್ಯಕರ್ತೆಯರಿಗೆ ನಂಬರ್ ಕೇಳುತ್ತಾರೆ.

ಯಂತ್ರ ಮಾಡುವವರಲ್ಲಿ ನನ್ನ ಕೋರಿಕೆ ಒಂದೇ. ರಿಸಲ್ಟ್ ಹಿಡಿಯುವುದರಲ್ಲಿ ತೋರಿಸಿದ ಅಕ್ಕರೆಯನ್ನು ರೋಗಿಯ ಗುರುತು ಹಿಡಿಯುವುದರಲ್ಲೂ ತೋರಿಸಿ. ಡಬ್ಬಿಯ ಬಾರ್‌ಕೋಡ್‌ನಿಂದ ಹಿಡಿದು ನಿಕ್ಷಯ್‌ವರೆಗೆ ಎಲ್ಲೂ ಯಾರೂ ಟೈಪ್ ಮಾಡದಂತಾಗಬೇಕು. ಟಿಬಿ ಚಿಕಿತ್ಸೆಯಲ್ಲಿರುವವರಿಗೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಬರುತ್ತದೆ. 2018ರಲ್ಲಿ 500 ಇತ್ತು, 2024ರ ನವೆಂಬರ್‌ನಿಂದ ಹೆಚ್ಚಾಗಿದೆ. ಆ ದುಡ್ಡು ಹೋಗುವುದೂ ಇದೇ ದಾಖಲೆ ನೋಡಿ. ಒಂದು ಅಂಕಿ ತಪ್ಪಿದರೆ ಮಾತ್ರೆಯೂ ತಡ, ದುಡ್ಡೂ ತಡ.

ಒಂದೇ ಯಂತ್ರಕ್ಕೆ ಬೇರೆ ಬೇರೆ ಚಿಪ್ ಹಾಕುವ ಅನುಕೂಲ ಮಲೆನಾಡಿಗೆ ಇನ್ನೂ ಮುಖ್ಯ. 2020ರಲ್ಲಿ ಕೋವಿಡ್ ಬಂದಾಗ ಟಿಬಿಗೆ ಇಟ್ಟಿದ್ದ ಯಂತ್ರಗಳಲ್ಲೇ ಕೋವಿಡ್ ಟೆಸ್ಟ್ ನಡೆಯಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಟಿಬಿಗೆ ಮೊದಲ ಟೆಸ್ಟ್ ಆಗಿ ಇದನ್ನು ಒಪ್ಪಿತು. ಮಂಗನ ಕಾಯಿಲೆಗೂ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ) ಟ್ರೂನ್ಯಾಟ್ ಟೆಸ್ಟ್ ಸಿದ್ಧಪಡಿಸಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಾದ ಕಾಯಿಲೆ ಅದು. ಬೇಸಿಗೆ ಬಂತೆಂದರೆ ಇಂದಿಗೂ ನಮ್ಮ ಕಡೆ ಕಾಡಂಚಿನ ಜನ ಹೆದರುತ್ತಾರೆ. ಆ ಚಿಪ್ ಪ್ರತಿ ಮಲೆನಾಡು ತಾಲ್ಲೂಕಿಗೂ ಡಿಸೆಂಬರ್‌ಗೆ ಮುಂಚೆ ತಲುಪಬೇಕು ಅನ್ನುವುದು ನನ್ನ ಆಸೆ.

ಹೊಸದಾಗಿ ತರಿಸುವವರಿಗೆ ನನ್ನ ಸಲಹೆ: ತಾಲ್ಲೂಕು ಆಸ್ಪತ್ರೆಗೆ ಯುನೋ ಸಾಲದು, ಡ್ಯುಯೋ ತಗೊಳ್ಳಿ. ರಿಫಾಂಪಿಸಿನ್ ಟೆಸ್ಟ್ ಒಂದು ಕಿಂಡಿ ಹಿಡಿದರೂ ಇನ್ನೊಂದು ಖಾಲಿ ಇರುತ್ತದೆ. ಪಿಪೆಟ್ ಇನ್ನೊಂದು ಹೆಚ್ಚಿಗೆ ಇರಲಿ. ಬಳಸಿದ ಚಿಪ್ ಅರ್ಧ ಗಂಟೆ ಮುಳುಗಿಸಿಡಲು ಹೈಪೋಕ್ಲೋರೈಟ್ ದ್ರಾವಣವನ್ನು ದಿನಾ ಹೊಸದಾಗಿ ಮಾಡಿಕೊಳ್ಳಿ. ಟಿಬಿ ಚಿಪ್ ಎಷ್ಟು ತರಿಸುತ್ತೀರೋ ನೋಡಿಕೊಂಡು ರಿಫಾಂಪಿಸಿನ್ ಚಿಪ್ ಕೂಡ ಜೊತೆಗೇ ತರಿಸಿ.